254 ಪೌಂಡಿನ ಪುಷ್ಪಕ

ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ತೆಗೆದುಕೊಂಡು ಇನ್ನೊಬ್ಬರ ತಲೆಗೂದಲು ಕತ್ತರಿಸಬೇಕಾದರೆ ಲೈಸೆನ್ಸ್ ಬೇಕು. ಕೆರೆ ದಂಡೆಯಲ್ಲಿ ಗಾಳ ಹಾಕಿಕೊಂಡು ಸುಮ್ಮನೆ ಕೂರಬೇಕಾದರೂ ಲೈಸೆನ್ಸ್ ಬೇಕು. ಕಾರಿನ ವಿಷಯವಂತೂ ಕೇಳಲೇಬೇಡಿ. ಮೈಸೂರಿನ ಅಗ್ರಹಾರ ಸರ್ಕಲ್ಲಿನಲ್ಲಿ ವರ್ಷಗಟ್ಟಲೆ ಸ್ಕೂಟರ್ ಓಡಿಸಿ, ಕೈಕಾಲು ನೆಟ್ಟಗಿಟ್ಟುಕೊಂಡು ಬಂದ ನನ್ನನ್ನು ಇಲ್ಲಿನ ಪರೀಕ್ಷಕಿ, 'ಸ್ಟಾಪ್' ಬೋರ್ಡಿನ ಮುಂದೆ ಗಾಡಿ ನಿಂತಿತೇ ಹೊರತು ಪೂರ್ತಿ ನಿಲ್ಲಲಿಲ್ಲ ಎಂದು ಫೇಲು ಮಾಡಿದ್ದಳು. ಆದರೆ ಇದೇ ದೇಶದಲ್ಲಿ ಒಂಟಿ ಸೀಟಿನ, ಖಾಲಿ ತೂಕ 254 ಪೌಂಡಿನ ಒಳಗಿರುವ ಯಂತ್ರವೊಂದನ್ನು ಮನೆಯಲ್ಲೇ ಮಾಡಿಕೊಂಡು ಆಕಾಶಕ್ಕೆ ಹಾರುತ್ತೇನೆ ಅನ್ನಿ. ಹಾರಿ ಅನ್ನುತ್ತಾರೆ. ಲೈಸೆನ್ಸ್ ಬೇಡ, ಡಾಕ್ಟರ ಸರ್ಟಿಫಿಕೇಟ್ ಬೇಡ, ಯಂತ್ರಕ್ಕೆ ರಿಜಿಸ್ಟ್ರೇಷನ್ನೂ ಬೇಡ.

1982ರಲ್ಲಿ ಬಂದ ವಾಯುಯಾನ ನಿಯಮಾವಳಿಯ 103ನೇ ಭಾಗ ಇದು. ಷರತ್ತುಗಳೇ ಇಲ್ಲವೆಂದಲ್ಲ. ಇಂಧನ 5 ಗ್ಯಾಲನ್ ಮೀರಬಾರದು. ವೇಗ 55 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್ ಮೀರಬಾರದು. ಜೊತೆಗೆ ಯಾರನ್ನೂ ಕೂರಿಸಿಕೊಳ್ಳಬಾರದು, ಕತ್ತಲಲ್ಲಿ ಹಾರಬಾರದು, ಜನವಸತಿಯ ಮೇಲೆ ಹೋಗಬಾರದು. ಒಟ್ಟು ತಾತ್ಪರ್ಯ ಏನೆಂದರೆ, ಸಾಯುವುದಿದ್ದರೆ ಒಬ್ಬರೇ ಸಾಯಿರಿ, ಬೆಳಕಿರುವಾಗ ಸಾಯಿರಿ, ಇನ್ನೊಬ್ಬರ ತಲೆಯ ಮೇಲೆ ಬೀಳಬೇಡಿ. ಇಷ್ಟು ಉದಾರವಾದ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ. ಓದಬಾರದಿತ್ತು.

ನನ್ನ ಉದ್ಯೋಗ ಸಾಫ್ಟ್‌ವೇರು, ಡಿಗ್ರಿ ಮಾತ್ರ ಮೆಕ್ಯಾನಿಕಲ್. ಅಂದರೆ ಸ್ಪ್ಯಾನರ್ ಹಿಡಿಯಲು ಬೇಕಾದ ಆತ್ಮವಿಶ್ವಾಸ ಉಂಟು, ಅನುಭವ ಇಲ್ಲ. ಇದಕ್ಕೆ ಹಳೆಯ ರೋಗವೊಂದು ಸೇರಿಕೊಂಡಿತ್ತು. ಹುಡುಗನಾಗಿದ್ದಾಗ ಬಾಡಿಗೆ ವಿಡಿಯೊ ಕ್ಯಾಸೆಟ್ಟಿನಲ್ಲಿ 1967ರ 'ಯು ಓನ್ಲಿ ಲಿವ್ ಟ್ವೈಸ್' ನೋಡಿದ್ದೆ. ಅದರಲ್ಲಿ ಜೇಮ್ಸ್ ಬಾಂಡ್ 'ಲಿಟ್ಲ್ ನೆಲ್ಲಿ' ಎಂಬ ಅಂಗೈಯಗಲದ ಹಳದಿ ಯಂತ್ರದಲ್ಲಿ ಕೂತು ಹೆಲಿಕಾಪ್ಟರುಗಳನ್ನೆಲ್ಲ ಉರುಳಿಸುತ್ತಾನೆ. ಎಷ್ಟೋ ವರ್ಷಗಳ ಮೇಲೆ ತಿಳಿದದ್ದು, ಹಾರಿದವನು ಶಾನ್ ಕಾನರಿ ಅಲ್ಲ, ಆ ಯಂತ್ರವನ್ನು ಕಟ್ಟಿದ ಬ್ರಿಟಿಷ್ ವಿಂಗ್ ಕಮಾಂಡರ್ ಕೆನ್ ವಾಲಿಸ್ ಎಂದು. ಅವರು ತೊಂಬತ್ತು ದಾಟಿದ ಮೇಲೂ ಹಾರುತ್ತಿದ್ದು, 2013ರಲ್ಲಿ 97ನೇ ವಯಸ್ಸಿನಲ್ಲಿ ಸಹಜವಾಗಿ ತೀರಿಕೊಂಡರು. ಈ ಕೊನೆಯ ವಾಕ್ಯವನ್ನು ಹೆಂಡತಿಯ ಎದುರು ಬೇಕೆಂದೇ ಎರಡು ಸಲ ಓದಿದೆ.

"ಅವರು ಯುದ್ಧದಲ್ಲಿ ಬಾಂಬರ್ ಓಡಿಸಿದವರು ರೀ. ನೀವು ಹುಲ್ಲು ಕತ್ತರಿಸೋ ಮೆಷಿನ್ನನ್ನೇ ಎರಡು ಸಲ ರಿಪೇರಿಗೆ ಕೊಟ್ಟವರು" ಎಂದಳು.

ಸುದ್ದಿ ಅಂದು ರಾತ್ರಿಯೇ ಮೈಸೂರು ಮುಟ್ಟಿತು. ಅಮ್ಮ ವಿಡಿಯೊ ಕಾಲ್ ಮಾಡಿದಳು.

"ಅದೇನೋ ಹೆಲಿಕಾಪ್ಟರ್ ಕಟ್ತೀಯಂತೆ?"

"ಹೆಲಿಕಾಪ್ಟರ್ ಅಲ್ಲಮ್ಮ, ಗೈರೊಪ್ಲೇನು. ಹೆಲಿಕಾಪ್ಟರಲ್ಲಿ ಮೇಲಿನ ಫ್ಯಾನನ್ನ ಎಂಜಿನ್ ತಿರುಗಿಸುತ್ತೆ. ಇದರಲ್ಲಿ ಎಂಜಿನ್ನು ಬೆನ್ನ ಹಿಂದೆ ಇದ್ಕೊಂಡು ಬರೀ ಮುಂದಕ್ಕೆ ತಳ್ಳುತ್ತೆ, ಅಷ್ಟೇ. ಮೇಲಿನ ಫ್ಯಾನು ಕೆಳಗಿಂದ ನುಗ್ಗೋ ಗಾಳಿಗೆ ತಾನೇ ತಿರುಗುತ್ತೆ. ಎಂಜಿನ್ ನಿಂತುಹೋದ್ರೂ ತಿರುಗ್ತಾನೇ ಇರುತ್ತೆ, ಮೆಲ್ಲಗೆ ಕೆಳಗಿಳಿಸುತ್ತೆ."

"ಕರೆಂಟ್ ಹೋದ್ರೂ ತಿರುಗೋ ಫ್ಯಾನು" ಎಂದು ಅಮ್ಮ ಒಂದು ಗಳಿಗೆ ಯೋಚಿಸಿದಳು. "ಅದನ್ನ ಇಲ್ಲಿಗೆ ತಂದು ನಡುಮನೆಗೆ ಹಾಕೋ. ಏಪ್ರಿಲಲ್ಲಿ ಬೇಕಾಗುತ್ತೆ. ಅಂದಹಾಗೆ ಕಂಡುಹಿಡಿದ ಪುಣ್ಯಾತ್ಮ ಯಾರು? ಇದ್ದಾನಾ?"

"ಸ್ಪೇನಿನವನು, ಹ್ವಾನ್ ಡೆ ಲಾ ಸಿಯೆರ್ವಾ ಅಂತ. 1936ರಲ್ಲಿ ಹೋಗಿಬಿಟ್ಟ."

"ಹೇಗೆ?"

ಇಲ್ಲಿ ಸುಳ್ಳು ಹೇಳಬಹುದಿತ್ತು. "ವಿಮಾನ ಅಪಘಾತ."

"ನೋಡಿದ್ಯಾ!"

"ಇದ್ರಿಂದ ಅಲ್ಲಮ್ಮ! ಮಾಮೂಲಿ ವಿಮಾನದಲ್ಲಿ, ಪ್ಯಾಸೆಂಜರ್ ಆಗಿ ಕೂತಿದ್ದಾಗ. ಲಂಡನ್ ಹತ್ತಿರ ಕ್ರಾಯ್ಡನ್‌ನಲ್ಲಿ ಅದು ಏರುವಾಗಲೇ ಬಿತ್ತು."

"ಮಾಮೂಲಿದರಲ್ಲೇ ಹಾಗಾದ್ರೆ, ನೀನು ಗ್ಯಾರೇಜಲ್ಲಿ ಮಾಡಿದ್ದರಲ್ಲಿ ಏನಾಗಬೇಡ?"

ಈ ತರ್ಕಕ್ಕೆ ಸಿಯೆರ್ವಾನ ಬಳಿಯೂ ಉತ್ತರವಿರಲಾರದು. ಪಾಪ, ಆತ ಜೀವನವಿಡೀ ದುಡಿದದ್ದೇ ವೇಗ ತಗ್ಗಿದರೂ ಧೊಪ್ಪೆಂದು ಬೀಳದ ಯಂತ್ರಕ್ಕಾಗಿ. ಆತನ ಮೊದಲ ಗೈರೊಗಳು ನೆಲ ಬಿಡುವ ಮೊದಲೇ ಒಂದು ಮಗ್ಗುಲಿಗೆ ಮಗುಚಿಕೊಳ್ಳುತ್ತಿದ್ದವು. ಸುತ್ತುವ ರೆಕ್ಕೆಗಳಲ್ಲಿ ಗಾಳಿಯನ್ನು ಎದುರಿಸಿ ಬರುವುದಕ್ಕೆ ಎತ್ತುವ ಬಲ ಹೆಚ್ಚು, ಹಿಂದಕ್ಕೆ ಸರಿಯುವುದಕ್ಕೆ ಕಡಿಮೆ. ಹಾಗಾಗಿ ಇಡೀ ಯಂತ್ರ ವಾಲುತ್ತಿತ್ತು. ಕಡೆಗೆ ರೆಕ್ಕೆಗಳ ಬುಡಕ್ಕೆ ಕೀಲು ಹಾಕಿ, ಹೆಚ್ಚು ಬಲ ಸಿಕ್ಕಿದ್ದು ತಾನೇ ಮೇಲೆದ್ದು, ಕಡಿಮೆ ಸಿಕ್ಕಿದ್ದು ತಾನೇ ತಗ್ಗುವಂತೆ ಬಿಟ್ಟ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಪಕ್ಕದ ಹೆತಾಫೆಯಲ್ಲಿ ಅದು ಹಾರಿತು. ಬಿಗಿಯಾಗಿ ಹಿಡಿದಿದ್ದನ್ನು ಸಡಿಲ ಬಿಟ್ಟಾಗ ಹಾರಿತು ಎನ್ನುವುದನ್ನು ನಾನು ಆಗಲೇ ಸರಿಯಾಗಿ ಗಮನಿಸಿದ್ದರೆ ಮುಂದಿನ ಖರ್ಚು ಬಹಳಷ್ಟು ಉಳಿಯುತ್ತಿತ್ತು.

ಕಟ್ಟುವ ಕೆಲಸಕ್ಕೆ ಮೊದಲ ಬಲಿಯಾದದ್ದು ಹೆಂಡತಿಯ ಕಾರು. ಗ್ಯಾರೇಜಿನಿಂದ ಹೊರಬಿದ್ದ ಅದರ ಮೇಲೆ ಪಕ್ಕದ ಮರದ ಕಾಗೆಗಳು ಸೇಡು ತೀರಿಸಿಕೊಂಡವು. ನಾನು ಆರಿಸಿಕೊಂಡದ್ದು ಈಗೋರ್ ಬೆನ್ಸನ್ ಪರಂಪರೆಯ ವಿನ್ಯಾಸ. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಆತ 1950ರ ದಶಕದಲ್ಲಿ ನಾರ್ತ್ ಕ್ಯಾರೊಲಿನಾದಿಂದ ಗೈರೊಕಾಪ್ಟರಿನ ನಕ್ಷೆ ಮಾರುತ್ತಿದ್ದ. ನಾಲ್ಕು ಅಲ್ಯೂಮಿನಿಯಂ ಕೊಳವೆ, ಒಂದು ಕುರ್ಚಿ, ಮೂರು ಚಕ್ರ, ತಲೆಯ ಮೇಲೆ ಎರಡು ರೆಕ್ಕೆ, ಬೆನ್ನಿಗೆ ಒಂದು ಎಂಜಿನ್. ಗೋಡೆಯಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಮ್ಯಾಗಜೀನಿನ ಹಿಂಬದಿಯ ಜಾಹೀರಾತು ನೋಡಿ ಸಾವಿರಾರು ಮಂದಿ ನಕ್ಷೆ ತರಿಸಿಕೊಂಡರು. ಅವರಲ್ಲಿ ಎಷ್ಟು ಮಂದಿಯ ಹೆಂಡತಿಯರ ಕಾರು ಹೊರಬಿತ್ತು ಎಂಬುದನ್ನು ಚರಿತ್ರೆ ಬರೆದಿಟ್ಟಿಲ್ಲ.

ಎರಡಿಂಚಿನ ಚೌಕ ಕೊಳವೆಗೆ ತೂತು ಕೊರೆಯುವುದು ಮಕ್ಕಳಾಟ ಎಂದುಕೊಂಡಿದ್ದೆ. ಆದರೆ ನಕ್ಷೆಯಲ್ಲಿ ಎಲ್ಲವೂ ಇಂಚಿನ ಅರವತ್ತನಾಲ್ಕನೇ ಒಂದು ಭಾಗದ ಲೆಕ್ಕದಲ್ಲಿತ್ತು. ಮಿಲಿಮೀಟರಿನಲ್ಲಿ ಅಕ್ಷರಾಭ್ಯಾಸ ಮಾಡಿದವನು ಇಂಚಿನ ಭಿನ್ನರಾಶಿಗೆ ಇಳಿದರೆ ಏನಾಗುತ್ತದೋ ಅದೇ ಆಯಿತು. ನೆಟ್ಟಗೆ ನಿಲ್ಲಬೇಕಾದ ಕಂಬದ ಕೊಳವೆಗೆ ಎಡಬಲ ತಿರುವಿಟ್ಟು ತೂತು ಕೊರೆದೆ. ಸರಿಪಡಿಸಲು ಇನ್ನೊಂದು ಸಾಲು. ಆ ಸಾಲನ್ನು ಸರಿಪಡಿಸಲು ಮತ್ತೊಂದು.

ಅಷ್ಟರಲ್ಲಿ ನನಗೊಬ್ಬ ತಾತ ಸಿಕ್ಕಿದ್ದ. ವಿಮಾನದ ಮೆಕ್ಯಾನಿಕ್ ಆಗಿ ನಿವೃತ್ತನಾದ, ಗೈರೊ ಹುಚ್ಚಿನಲ್ಲೇ ತಲೆ ನರೆಸಿಕೊಂಡ ಅಮೆರಿಕನ್. ಮಾತು ಬಹಳ ಕಡಿಮೆ, ಕಾಫಿ ಬಹಳ ಹೆಚ್ಚು. ಕೊಳವೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೊಳಲು ನೋಡುವಂತೆ ನೋಡಿದ.

"ಇದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತೂತಿದೆ."

"ತೂಕ ಕಡಿಮೆಯಾಗುತ್ತಲ್ಲ" ಎಂದೆ.

ತಾತ ಮಾತಾಡಲಿಲ್ಲ. ಕೊಳವೆಯನ್ನು ತೆಗೆದುಕೊಂಡು ಹೋಗಿ ಹಿತ್ತಲಿನಲ್ಲಿ ನೆಟ್ಟು ಬಂದ. ಇವತ್ತಿಗೂ ಅದರ ಮೇಲೆ ನಮ್ಮ ಹೀರೇಕಾಯಿ ಬಳ್ಳಿ ಹಬ್ಬಿದೆ. ವಿಮಾನ ದರ್ಜೆಯ 6061-ಟಿ6 ಅಲ್ಯೂಮಿನಿಯಂ ಮೇಲೆ ಬೆಳೆದ ಹೀರೇಕಾಯಿಯ ಬಜ್ಜಿಯನ್ನು ನೀವು ತಿಂದಿರಲಾರಿರಿ. ಲೆಕ್ಕ ಹಾಕಿದರೆ ಒಂದೊಂದು ಬಜ್ಜಿಯೂ ತೀರಾ ದುಬಾರಿ.

ನಟ್ಟುಗಳ ವಿಷಯದಲ್ಲೂ ತಾತ ಮಡಿವಂತ. ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದರೆ ಅದು ಮೈಲಿಗೆ, ಮತ್ತೆ ಹೊಸದೇ ಆಗಬೇಕು. ನಾನು ಒಂದೇ ಕೀಲನ್ನು ಬಿಚ್ಚಿ ಬಿಗಿದು ಬಿಚ್ಚಿ ಬಿಗಿದು ಡಬ್ಬಿಗಟ್ಟಲೆ ಮೈಲಿಗೆ ಮಾಡಿದೆ. ಕೆಲಸ ಮುಗಿದಾಗ ಡಬ್ಬಿಯಲ್ಲಿ ಒಂದು ನಟ್ಟೂ ಉಳಿದಿರಲಿಲ್ಲ. ಅದೇ ನನಗೆ ದಿಗಿಲು. ಬೇಕಾದ್ದರ ಮೂರರಷ್ಟು ತರಿಸಿದ್ದೆನಲ್ಲ, ಉಳಿದವೆಲ್ಲ ಎಲ್ಲಿ ಹೋಗಿ ಕೂತವು?

ಎಲ್ಲಕ್ಕಿಂತ ಮೇಲೆ, ರೆಕ್ಕೆಗಳೆರಡನ್ನೂ ಕಂಬಕ್ಕೆ ಜೋಡಿಸುವ ಜಾಗದಲ್ಲಿ ಒಂದೇ ಒಂದು ಬೋಲ್ಟು ಇರುತ್ತದೆ. ಹಾರುವಾಗ ಯಂತ್ರ, ಎಂಜಿನ್ನು, ಪೆಟ್ರೋಲು, ಪೈಲಟ್ಟು ಎಲ್ಲವೂ ತೂಗಾಡುವುದು ಅದರ ಮೇಲೆ. ಹೆಂಡತಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

"ಇದಕ್ಕೆಷ್ಟು?"

ಹೇಳಿದೆ.

"ಇನ್ನೂ ದುಬಾರಿದು ಸಿಗಲ್ವಾ?"

ಜಿಪುಣಿಯೆಂದು ನಾನು ಇಷ್ಟು ವರ್ಷ ತಿಳಿದಿದ್ದ ಹೆಂಗಸು!

ಇನ್ನು ತೂಕ. 254 ಪೌಂಡು ಎಂದರೆ 115 ಕಿಲೋ. ನನ್ನ ಯಂತ್ರ ಕೊಂಚ ಮೇಲಿತ್ತು. ಸೀಟಿನ ದಿಂಬು ತೆಗೆದೆ, ಚೆಂದಕ್ಕೆ ಹಾಕಿದ್ದ ಹೊದಿಕೆ ತೆಗೆದೆ, ಮಗಳು ಪ್ರೀತಿಯಿಂದ ಬಳಿದಿದ್ದ ಕೆಂಪು ಹಳದಿ ಬಣ್ಣವನ್ನೂ ಕೆರೆದೆ. ತಕ್ಕಡಿಯ ಮುಂದೆ ಕೂತು ಗ್ರಾಮುಗಳಿಗಾಗಿ ಒದ್ದಾಡುತ್ತಿದ್ದಾಗ ಹೆಂಡತಿಯ ದೃಷ್ಟಿ ನನ್ನ ಹೊಟ್ಟೆಯ ಮೇಲೆ ಬಂದು ನಿಂತಿತು.

"ಇದು ಲೆಕ್ಕಕ್ಕಿಲ್ವಾ?"

"ಖಾಲಿ ತೂಕ ಅಂದ್ರೆ ಪೈಲಟ್ ಇಲ್ಲದೆ."

"ಸರ್ಕಾರದವರು ಮರ್ಯಾದಸ್ಥರು" ಎಂದು ಒಳಗೆ ಹೋದಳು.

ತೂಕದ ಮೇಲೆ ತೂಗುವ ಪರೀಕ್ಷೆ. ಯಂತ್ರವನ್ನು ಆ ಒಂಟಿ ಬೋಲ್ಟಿನ ಜಾಗದಿಂದಲೇ ಮೇಲಕ್ಕೆ ನೇತುಹಾಕಬೇಕು, ಪೈಲಟ್ ಒಳಗೆ ಕೂತಿರಬೇಕು. ಮೂಗು ಎಷ್ಟು ಡಿಗ್ರಿ ತಗ್ಗುತ್ತದೆಂದು ಅಳೆದರೆ ತೂಕದ ಕೇಂದ್ರ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುತ್ತದೆ. ಗ್ಯಾರೇಜಿನ ಉಕ್ಕಿನ ತೊಲೆಗೆ ಚೈನು ಪುಲ್ಲಿ ಕಟ್ಟಿ, ಹೆಲ್ಮೆಟ್ ಸಮೇತ ಕೂತೆ. ಹೆಂಡತಿ ಚೈನು ಎಳೆದಳು. ನೆಲದಿಂದ ಎರಡಡಿ ಮೇಲಕ್ಕೆ ಹೋಗಿ ಮೆಲ್ಲಗೆ ಸುತ್ತತೊಡಗಿದೆ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಅವಳು ಹೋದಳು. ಅದೇ ಮುಹೂರ್ತಕ್ಕೆ ಕನ್ನಡ ಕೂಟದ ಇಬ್ಬರು ಯುಗಾದಿ ಚಂದಾ ಕೇಳಲು ಬಂದು, ತೆರೆದಿದ್ದ ಗ್ಯಾರೇಜಿನ ಬಾಗಿಲಲ್ಲಿ ನಿಂತರು.

ಅಂತರಿಕ್ಷದಲ್ಲಿ ತೂಗಾಡುವವನಿಗೆ ಹೇಗೆ ನಮಸ್ಕಾರ ಹೇಳಬೇಕೆಂಬ ಶಿಷ್ಟಾಚಾರ ನಮ್ಮಲ್ಲಿಲ್ಲ. ಅವರು ಕೈ ಮುಗಿದರು. ಮುಗಿಯುವಷ್ಟರಲ್ಲಿ ನಾನು ಸುತ್ತಿಕೊಂಡು ಅವರಿಗೆ ಬೆನ್ನು ಹಾಕಿದ್ದೆ. ಮುಂದಿನ ಸುತ್ತಿನಲ್ಲಿ ನಾನೂ ಕೈ ಮುಗಿದೆ.

"ಪರವಾಗಿಲ್ಲ ಸಾರ್, ಇಳಿದ ಮೇಲೇ ಕೊಡಿ" ಎಂದರು ಒಬ್ಬರು. ಇನ್ನೊಬ್ಬರು ತೊಲೆ, ಪುಲ್ಲಿ, ಚೈನುಗಳನ್ನು ಗಂಭೀರವಾಗಿ ಪರಿಶೀಲಿಸಿ ಕೇಳಿದರು: "ಈ ಸಲ ನಾಟಕದಲ್ಲಿ ನಾರದ ಮೇಲಿಂದ ಇಳಿಯೋ ಸೀನಿದೆ. ಈ ಸೆಟಪ್ಪು ಒಂದು ದಿನಕ್ಕೆ ಸಿಗುತ್ತಾ?"

ಅದೇ ವಾರ ಬಡಾವಣೆಯ ಮನೆಮಾಲೀಕರ ಸಂಘದಿಂದಲೂ ಪತ್ರ ಬಂತು. ಗ್ಯಾರೇಜಿನ ಬಾಗಿಲು ಮುಚ್ಚಿರತಕ್ಕದ್ದು ಎಂಬ ನಿಯಮವನ್ನು ನೆನಪಿಸಿದ್ದರು. ಒಳಗೆ ಮನುಷ್ಯರನ್ನು ನೇತುಹಾಕಬಾರದೆಂಬ ನಿಯಮ ಇಲ್ಲದಿದ್ದದ್ದು ಅವರಿಗೆ ಆಗ ತಾನೇ ಹೊಳೆದಂತಿತ್ತು.

ಲೈಸೆನ್ಸ್ ಬೇಡವೆಂದರೆ ಕಲಿಯುವುದೂ ಬೇಡವೆಂದಲ್ಲ. ಅಷ್ಟು ಬುದ್ಧಿ ನನಗಿತ್ತು, ಅಥವಾ ಹೆಂಡತಿಗಿತ್ತು. ಎರಡು ಸೀಟಿನ ಗೈರೊದಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬರ ಬಳಿ ಸೇರಿದೆ. ಸ್ಟಿಕ್ಕನ್ನು ಎರಡೇ ಬೆರಳಲ್ಲಿ ಹಿಡಿಯಿರಿ ಎಂದರು. ನಾನು ಬಸ್ಸಿನ ಕಂಬಿ ಹಿಡಿದಂತೆ ಹಿಡಿದೆ. ಮೂಗು ಚೂರು ಎದ್ದಿತೆಂದು ಮುಂದಕ್ಕೆ ಒತ್ತಿದೆ. ಯಂತ್ರ ಒಂದು ಕ್ಷಣ ತಡವಾಗಿ ಮಾತು ಕೇಳುತ್ತದೆ. ಅಷ್ಟರಲ್ಲಿ ಇನ್ನೂ ಒತ್ತಿದ್ದೆ. ಈಗ ಮೂಗು ಅತಿಯಾಗಿ ತಗ್ಗಿತು, ಹಿಂದಕ್ಕೆ ಎಳೆದೆ. ಎದ್ದಿತು, ಒತ್ತಿದೆ. ಪೈಲಟ್ಟೇ ಹುಟ್ಟಿಸುವ ಈ ತೂಗಾಟಕ್ಕೆ ಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ ಎಂದರೆ ನನ್ನಂಥವರ ಸಂಖ್ಯೆ ನೀವೇ ಊಹಿಸಿ. ಮೇಷ್ಟ್ರು ಕಿವಿಯಲ್ಲಿ ಶಾಂತವಾಗಿ, "ಕೈ ತೆಗೆದು ತೊಡೆಯ ಮೇಲಿಡಿ" ಎಂದರು. ಇಟ್ಟೆ. ಯಂತ್ರ ಒಂದೆರಡು ಸಲ ತಲೆದೂಗಿ ತಾನೇ ನೆಟ್ಟಗಾಯಿತು. "ಗಾಡಿ ಸರಿಯಾಗಿದೆ. ಅದಕ್ಕೆ ಅಂಟಿಕೊಂಡಿರುವ ಭಾಗದಲ್ಲಿ ದೋಷವಿದೆ" ಎಂದರು.

ಇದೊಂದನ್ನು ನಗೆಯಾಡದೆ ಹೇಳಿಬಿಡುತ್ತೇನೆ. ಗೈರೊ ನಿಧಾನವಾದರೆ ಬೀಳುವುದಿಲ್ಲ ನಿಜ. ಆದರೆ ಸ್ಟಿಕ್ಕನ್ನು ರಭಸದಿಂದ ಮುಂದಕ್ಕೆ ಒತ್ತಿ ರೆಕ್ಕೆಗಳ ಮೇಲಿನ ಭಾರವನ್ನು ಇಲ್ಲವಾಗಿಸಿದರೆ, ಹಿಂದಿನ ಎಂಜಿನ್ ಇಡೀ ಯಂತ್ರವನ್ನು ಮೂಗಿನ ಮೇಲೆ ಪಲ್ಟಿ ಹೊಡೆಸುತ್ತದೆ, ರೆಕ್ಕೆ ಬಂದು ಬಾಲಕ್ಕೆ ಬಡಿಯುತ್ತದೆ, ಆಮೇಲೆ ವಾಪಸು ಬರುವ ದಾರಿಯಿಲ್ಲ. ಬಾಲಕ್ಕೆ ಅಡ್ಡಪಟ್ಟಿ ಇಲ್ಲದ, ಎಂಜಿನ್ ತೀರಾ ಮೇಲೆ ಕೂರಿಸಿದ ಹಳೆಯ ಮಾದರಿಗಳಲ್ಲಿ, ಸ್ವಂತ ಧೈರ್ಯವನ್ನೇ ಗುರು ಮಾಡಿಕೊಂಡವರು ಅನೇಕರು ಹೀಗೆ ಹೋಗಿದ್ದಾರೆ. ತಾತ ನನ್ನ ಯಂತ್ರಕ್ಕೆ ಆ ಅಡ್ಡಪಟ್ಟಿ ಬಿಗಿಯುವವರೆಗೂ ಎಂಜಿನ್ನಿನ ಪೆಟ್ಟಿಗೆ ಬಿಚ್ಚಲು ಬಿಟ್ಟಿರಲಿಲ್ಲ.

ಎಂಜಿನ್ನಿಗೆ ಮೊದಲು ಹಗ್ಗ. ಬೆನ್ಸನ್ ಪದ್ಧತಿಯಲ್ಲಿ ಅದೇ ಯಂತ್ರವನ್ನು ಮೊದಲು ಎಂಜಿನ್ ಇಲ್ಲದೆ ಕಾರಿನ ಹಿಂದೆ ಕಟ್ಟಿ ಗಾಳಿಪಟವಾಗಿ ಹಾರಿಸಿ ಕೈ ಪಳಗಿಸಿಕೊಳ್ಳುವುದುಂಟು. ಇದರ ಮೂಲ ಇನ್ನೂ ಹಿಂದಿನದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನುಗಳು ಫೊಕೆ ಆಖ್ಗೆಲಿಸ್ 330 ಎಂಬ ರೋಟರ್ ಗಾಳಿಪಟ ಇಟ್ಟುಕೊಂಡಿದ್ದವು. ನೀರಿನ ಮಟ್ಟದಿಂದ ದೂರದ ಹಡಗು ಕಾಣದಲ್ಲ, ಅದಕ್ಕೆ ಒಬ್ಬ ನಾವಿಕನನ್ನು ಅದರಲ್ಲಿ ಕೂರಿಸಿ ಹಗ್ಗದ ತುದಿಯಲ್ಲಿ ಮೇಲೆ ಬಿಡುವುದು. ಅವನು ಕಂಡದ್ದನ್ನು ಟೆಲಿಫೋನ್ ತಂತಿಯಲ್ಲಿ ಕೆಳಗೆ ವರದಿ ಮಾಡುವುದು. ಹಿಂದೂ ಮಹಾಸಾಗರದಲ್ಲೂ ಹೀಗೆ ಹಾರಿಸಿದ್ದಾರೆ. ಇದನ್ನು ಉತ್ಸಾಹದಿಂದ ಹೆಂಡತಿಗೆ ವಿವರಿಸಿದೆ.

"ಶತ್ರುವಿಮಾನ ಬಂದ್ರೆ?"

"ಸಬ್‌ಮರೀನು ತಕ್ಷಣ ಮುಳುಗಬೇಕು."

"ಮೇಲಿದ್ದವನು?"

"ಅವನಿಗೆ ಪ್ಯಾರಾಚೂಟ್ ಇರುತ್ತೆ."

"ಹಗ್ಗದ ಈ ಕಡೆ ಇರೋದು ವಾಸಿ" ಎಂದು ಕಾರಿನ ಕೀಲಿ ತೆಗೆದುಕೊಂಡಳು.

ಲಾಸ್ ಏಂಜಲೀಸ್ ಕಡೆಯಿಂದ ಕಹೋನ್ ಕಣಿವೆ ಹತ್ತಿ ಮೊಹಾವಿ ಮರುಭೂಮಿಗೆ ಇಳಿದರೆ ಅಡೆಲಾಂಟೊ ಊರಿನ ಆಚೆ ಎಲ್ ಮಿರಾಜ್ ಎಂಬ ಬತ್ತಿದ ಕೆರೆಯಂಗಳ ಸಿಗುತ್ತದೆ. ಮೈಲಿಗಟ್ಟಲೆ ಉದ್ದ, ಸಿಮೆಂಟಿನಷ್ಟು ಗಟ್ಟಿಯಾದ ಕೆನೆಬಣ್ಣದ ಮಣ್ಣು, ಒಂದು ಪೊದೆಯೂ ಇಲ್ಲ. ವೇಗದ ಕಾರಿನವರು, ಮೋಟಾರ್‌ಬೈಕಿನವರು, ಗೈರೊದವರು ಎಲ್ಲರಿಗೂ ಅದು ತವರು. ಗೈರೊ ಲೋಕದ ದೊಡ್ಡ ಹೆಸರಾದ ಕೆನ್ ಬ್ರಾಕ್ ಇಲ್ಲಿ ಹಾರಾಡಿದವರೇ. 1971ರಲ್ಲಿ ಇಂಥದೇ ಬಯಲು ಕುರ್ಚಿಯಲ್ಲಿ ಕೂತು ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಆ ತುದಿಯ ಕಿಟ್ಟಿ ಹಾಕ್‌ವರೆಗೆ ಹೋದ ಪುಣ್ಯವಂತರು. ಬೆಳಗ್ಗೆ ಹತ್ತರ ಒಳಗೆ ಹಾರಿ ಮುಗಿಸಬೇಕು. ಬಿಸಿಲೇರಿದರೆ ಸುಂಟರಗಾಳಿಗಳು ಎದ್ದು ಧೂಳಿನ ಕಂಬಗಳಾಗಿ ಓಡಾಡತೊಡಗುತ್ತವೆ.

ಕಾರು ಮುಂದೆ, ಹಗ್ಗ ನಡುವೆ, ನಾನು ಹಿಂದೆ. ಇಬ್ಬರ ಕೈಯಲ್ಲೂ ವಾಕಿಟಾಕಿ. ಕಾರಿನ ವೇಗ 30 ಮೈಲಿ ಮುಟ್ಟುವಷ್ಟರಲ್ಲಿ ಚಕ್ರಗಳ ಗಡಗಡ ಸದ್ದು ನಿಂತೇಹೋಯಿತು. ನೋಡಿದರೆ ನೆಲ ಕೆಳಗಿದೆ. ಸಂಭ್ರಮ ತಡೆಯಲಾರದೆ "ನಿಧಾನ! ನಿಧಾನ!" ಎಂದು ಕೂಗಿದೆ. ಅವಳು ನಿಧಾನಿಸಿದಳು. ಹಗ್ಗ ಸಡಿಲಾಗಿ ನಾನು ಇಳಿಯತೊಡಗಿದೆ. "ಹೋಗು ಹೋಗು ಹೋಗು!" ಅವಳು ಹೋದಳು. ನಾನು ಬೇಕಾದ್ದಕ್ಕಿಂತ ಎತ್ತರ ಹೋದೆ. "ಸಾಕು!" ಇಳಿದೆ. "ಸಾಲದು!" ಏರಿದೆ. ಪೈಲಟ್ಟಿನಿಂದಾಗುವ ತೂಗಾಟದ ಬಗ್ಗೆ ಮೇಷ್ಟ್ರು ಹೇಳಿದ್ದರು, ಅದನ್ನು ವಾಕಿಟಾಕಿಯ ಮೂಲಕ ಕಾರಿಗೂ ಹರಡಬಹುದೆಂದು ಹೇಳಿರಲಿಲ್ಲ. ಮುಂದಿನ ಓಟಕ್ಕೆ ಮೊದಲು ಅವಳು ನನ್ನೆದುರಿಗೇ ತನ್ನ ವಾಕಿಟಾಕಿಯನ್ನು ಆಫ್ ಮಾಡಿ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದಳು. ಆಮೇಲೆ ಕಾರು ಒಂದೇ ಸಮನೆ ಓಡಿತು, ನಾನು ಎಷ್ಟು ಅರಚಿದರೂ ಯಾರಿಗೂ ಕೇಳಿಸಲಿಲ್ಲ, ಹಾರಾಟ ಸೊಗಸಾಗಿ ನಡೆಯಿತು.

ಎಂಜಿನ್ ಬಂದ ಮೇಲೆ ಈ ಅನುಕೂಲ ತಪ್ಪಿತು. ರೋಟಾಕ್ಸ್ 503, ಎರಡು ಸಿಲಿಂಡರಿನ, 50 ಕುದುರೆಶಕ್ತಿಯ ಟೂ ಸ್ಟ್ರೋಕ್. ಅದು ಮೊದಲ ಸಲ ಹೊಗೆ ಉಗುಳಿದಾಗ ನನಗೆ ಯಾದವಗಿರಿ ನೆನಪಾಯಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳ ಹೊಗೆಯೂ ಇದೇ. ಅಪ್ಪನ ಯೆಜ್ಡಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವ ಅಧಿಕಾರ ನನ್ನದಾಗಿತ್ತು. ಆದ್ದರಿಂದ ಮಿಶ್ರಣದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದು ತಾತನಿಗೆ ತಿಳಿಸಿದೆ. ದಯವಿಟ್ಟು ಈ ಮಾತು ನೆನಪಿಟ್ಟುಕೊಳ್ಳಿ.

ಅದಕ್ಕಿಂತ ಮೊದಲು ಬಾಲದ ಪ್ರಕರಣ. ನನ್ನ ಬಡ ಯಂತ್ರದಲ್ಲಿ ರೋಟರ್ ತಿರುಗಿಸಲು ಮೋಟಾರಿಲ್ಲ. ಸೀಟಿನಲ್ಲಿ ಕೂತೇ ಕೈಯೆತ್ತಿ ರೆಕ್ಕೆಗಳನ್ನು ತಟ್ಟಿ ತಟ್ಟಿ ತಿರುಗಿಸಬೇಕು, ಆಮೇಲೆ ಮೆಲ್ಲಗೆ ಉರುಳುತ್ತಾ ಗಾಳಿ ತುಂಬಿಸಿ ವೇಗ ಹೆಚ್ಚಿಸಬೇಕು. ಅವಸರ ಕೂಡದು. ರೋಟರ್ ನಿಧಾನವಾಗಿದ್ದು ಗಾಡಿ ಜೋರಾಗಿ ಓಡಿದರೆ ರೆಕ್ಕೆಗಳು ಬಡಿಯತೊಡಗುತ್ತವೆ. ಇದನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೆ ಭಾನುವಾರ, ಸುತ್ತ ಮಡಚುವ ಕುರ್ಚಿ ಹಾಕಿ ಕೂತ ಜನ, ಫೋನು ಎತ್ತಿ ಹಿಡಿದ ಮಗಳು. ಆಕ್ಸಿಲರೇಟರ್ ಒತ್ತಿದೆ. ಸ್ಟಿಕ್ಕು ಕೈಯಿಂದ ಕಿತ್ತುಕೊಂಡು ಎರಡೂ ಮಂಡಿಗಳಿಗೆ ಪಟಪಟನೆ ಬಾರಿಸಿತು. ಹಿಂದೆ ಢಬ್ ಎಂದಿತು. ನಿಲ್ಲಿಸಿ ನೋಡಿದರೆ ರಡ್ಡರಿನ ಮೇಲ್ತುದಿ, ಎಳನೀರಿನ ಅಂಗಡಿಯವನು ಕೆತ್ತಿದಷ್ಟು ನಯವಾಗಿ, ಇರಲಿಲ್ಲ. ನಾನಿನ್ನೂ ನೆಲ ಬಿಟ್ಟೇ ಇರಲಿಲ್ಲ.

ತಾತ ಕಾಫಿ ಲೋಟ ಹಿಡಿದು ಬಂದ. ತುಂಡನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದ.

"ತೂಕ ಕಡಿಮೆಯಾಯ್ತಲ್ಲ" ಎಂದ.

ಹೊಸ ರೆಕ್ಕೆ, ಹೊಸ ರಡ್ಡರ್, ಬ್ಯಾಂಕಿನ ಖಾತೆಗೊಂದು ಹೊಸ ತೂತು. ಇದೆಲ್ಲ ಆಗಿ, ಮೇಷ್ಟ್ರು ಮತ್ತೆ ಪಾಠ ಹೇಳಿ, ನೆಲದಿಂದ ಮೊಳದೆತ್ತರಕ್ಕೆ ಕುಪ್ಪಳಿಸಿ ಇಳಿಯುವ ಅಭ್ಯಾಸವೂ ಮುಗಿದು, ನಿಜವಾಗಿ ಹಾರುವ ಬೆಳಗು ಬಂತು.

ಇಲ್ಲೊಂದು ವಿವರ ಹೇಳಬೇಕು. ಈ ಜಾತಿಯ ಗೈರೊದಲ್ಲಿ ತೂಕ ಉಳಿಸಲು ಸೀಟನ್ನೇ ಟ್ಯಾಂಕು ಮಾಡಿರುತ್ತಾರೆ. ಬೆನ್ನಿಗೂ ಕುಂಡಿಗೂ ಆಸರೆ ಕೊಡುವ ಆ ಪ್ಲಾಸ್ಟಿಕ್ಕಿನೊಳಗೇ ಪೆಟ್ರೋಲು. ಎಷ್ಟಿದೆಯೆಂದು ಪಕ್ಕದಲ್ಲಿ ನಿಂತ ಯಾರಿಗಾದರೂ ಕಾಣುತ್ತದೆ, ಮೇಲೆ ಕೂತವನೊಬ್ಬನಿಗೆ ಬಿಟ್ಟು. ನಾನು 2 ಗ್ಯಾಲನ್ ಸಾಕೆಂದು ತೀರ್ಮಾನಿಸಿದ್ದೆ. ಸರ್ಕಾರ ಎಷ್ಟೇ ಮರ್ಯಾದಸ್ಥವಾದರೂ ನನ್ನ ಹೊಟ್ಟೆಯ ಲೆಕ್ಕ ಎಂಜಿನ್ನಿಗೆ ತಪ್ಪುವುದಿಲ್ಲವಲ್ಲ. ಐವತ್ತಕ್ಕೆ ಒಂದರಂತೆ ಆಯಿಲ್. ಭಾಗಾಕಾರಕ್ಕೆ ಸುಲಭವೆಂದು ಲೀಟರಿನ ಗುರುತಿದ್ದ ಕ್ಯಾನು ಹಿಡಿದೆ. 2ರ ಗೆರೆಯವರೆಗೆ ಪೆಟ್ರೋಲು, 40 ಮಿಲಿಲೀಟರ್ ಆಯಿಲ್, ಚೆನ್ನಾಗಿ ಕುಲುಕಿ ಸುರಿದೆ. ಮಿಶ್ರಣ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಪ್ಪನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

"ಪೆಟ್ರೋಲು?" ಎಂದು ಕೇಳಿದ ತಾತ, ಚೆಕ್‌ಲಿಸ್ಟಿನ ಮೇಲೆ ಪೆನ್ನಿಟ್ಟುಕೊಂಡು.

"ಎರಡು" ಎಂದೆ.

ಗುರುತು ಹಾಕಿಕೊಂಡ.

ಹಾರಿದೆ. ಹೇಗಿತ್ತೆಂದು ವರ್ಣಿಸಲು ಕೂತರೆ ನಾನು ಹಾಸ್ಯ ಬಿಟ್ಟು ಕಾವ್ಯಕ್ಕೆ ಇಳಿಯಬೇಕಾಗುತ್ತದೆ. ಪಾದಗಳ ನಡುವೆ ಏನೂ ಇಲ್ಲ, ಮುನ್ನೂರು ಅಡಿ ಕೆಳಗೆ ಕೆರೆಯಂಗಳ, ಅದರ ಮೇಲೆ ತಲೆಯಲ್ಲಿ ಚಕ್ರ ಹೊತ್ತ ಪುಟ್ಟ ನೆರಳೊಂದು ನನ್ನ ಜೊತೆಗೇ ಓಡುತ್ತಿದೆ. ಎರಡು ಬೆರಳಲ್ಲಿ ಸ್ಟಿಕ್ಕು ಹಿಡಿದಿದ್ದೆ. ಆರಂಭದ ಹಂಬಲಕ್ಕೆ ಒಂದು ಸುತ್ತು, ಮಗಳ ವಿಡಿಯೊಗೆ ಒಂದು ಸುತ್ತು. ಕೆರೆಯ ದೂರದ ಅಂಚಿನ ಕಡೆ ಹೊರಳಿದಾಗ ಎಂಜಿನ್ನು ಎರಡು ಸಲ ಕೆಮ್ಮಿ, ಸುಮ್ಮನಾಯಿತು.

ಗಂಟೆಗೆ ಹದಿನೈದು ಲೀಟರಿನ ಆಸುಪಾಸು ಕುಡಿಯುವ ಎಂಜಿನ್ನಿಗೆ ಎರಡು ಲೀಟರು ಎಷ್ಟು ಹೊತ್ತು ಬರುತ್ತದೆ ಎಂಬುದು ಮೂರನೇ ಕ್ಲಾಸಿನ ಲೆಕ್ಕ. ಎಂಜಿನ್ ಬಿಸಿಯಾಗಲೆಂದು ನೆಲದ ಮೇಲೆ ಕಾಯಿಸಿದ್ದನ್ನೂ ಕಳೆಯಬೇಕು. ಈ ಲೆಕ್ಕ ನನ್ನ ತಲೆಯಲ್ಲಿ ನಡೆಯುತ್ತಿದ್ದಾಗ ಕೈ ಏನೂ ಮಾಡಲಿಲ್ಲ, ಹೆದರಿ ತೊಡೆಯ ಮೇಲೆ ಮರಗಟ್ಟಿ ಕೂತಿತ್ತು. ಮೂಗು ತಾನೇ ತಗ್ಗಿತು. ತಲೆಯ ಮೇಲೆ ರೆಕ್ಕೆಗಳು ಕರೆಂಟ್ ಹೋದದ್ದೇ ತಿಳಿಯದಂತೆ ಸುಯ್ ಎನ್ನುತ್ತಿದ್ದವು. ನೆಲ ಹತ್ತಿರ ಬಂದಾಗ ಅಭ್ಯಾಸಬಲದಿಂದ ಸ್ಟಿಕ್ಕನ್ನು ಮೆಲ್ಲಗೆ ಹಿಂದಕ್ಕೆ ತಂದೆ. ಕೂತಿತು. ಉರುಳಿದ್ದು ಕೆಲವೇ ಅಡಿ. ಅಷ್ಟು ನಯವಾಗಿ ನಾನು ಕಾರನ್ನೂ ನಿಲ್ಲಿಸಿದವನಲ್ಲ. ಆ ಪರೀಕ್ಷಕಿ ಇದ್ದಿದ್ದರೆ ಪೂರ್ತಿ ನಿಂತಿತೆಂದು ಒಪ್ಪುತ್ತಿದ್ದಳು.

ಮೊದಲು ಬಂದದ್ದು ಧೂಳೆಬ್ಬಿಸುತ್ತಾ ಒಬ್ಬ ಬೈಕಿನ ಹುಡುಗ. "ಅದ್ಭುತ! ಬೇಕೆಂದೇ ಎಂಜಿನ್ ಆಫ್ ಮಾಡಿ ಇಳಿದಿರಾ?" ಎಂದ. ನಾನು ಹೆಲ್ಮೆಟ್ ತೆಗೆದು ದಿಗಂತದ ಕಡೆ ನೋಡಿದೆ. ಅದನ್ನು ಅವನು ಹೌದೆಂದು ಅರ್ಥಮಾಡಿಕೊಂಡರೆ ನಾನು ಹೊಣೆಯಲ್ಲ.

ಆಮೇಲೆ ಕಾರು. ತಾತ ಇಳಿದು ಬಂದು ಸೀಟಿನ ಪಕ್ಕದಲ್ಲಿ ಬಗ್ಗಿ ಖಾಲಿ ಟ್ಯಾಂಕನ್ನು ನೋಡಿದ. "ಎರಡು ಏನು?" ಎಂದ.

ನಾನು ಗಂಟಲು ಸರಿಪಡಿಸಿಕೊಂಡು, 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಕೂಡ ಪೌಂಡು ಕಿಲೋಗಳ ಗಲಿಬಿಲಿಯಲ್ಲಿ ಇಂಧನ ಮುಗಿದು ಗಿಮ್ಲಿ ಎಂಬಲ್ಲಿ ಹಾಗೇ ತೇಲಿಕೊಂಡು ಇಳಿಯಿತೆಂದೂ, ಅದರ ಪೈಲಟ್ಟುಗಳಿಗೆ ಆಮೇಲೆ ಗೌರವ ಸಿಕ್ಕಿತೆಂದೂ ವಿವರಿಸತೊಡಗಿದೆ. ತಾತ ಪೂರ್ತಿ ಕೇಳಲಿಲ್ಲ. ಹಗ್ಗ ತರಲು ಡಿಕ್ಕಿ ತೆರೆದ. ಗೈರೊದ ಮೂಗನ್ನು ಕಾರಿಗೆ ಕಟ್ಟಿದೆವು. ಹಿಂದೆ ಕೂತು ಸ್ಟೀರಿಂಗ್ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ನಾನೇ ಕೂತೆ. ಹೆಂಡತಿ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ರೆಕ್ಕೆ ಕಟ್ಟಿದೀರಾ? ದಾರೀಲಿ ಮತ್ತೆ ಹಾರಿಬಿಟ್ಟೀರಿ."

"ಕಟ್ಟಿದೀನಿ."

"ವಾಕಿಟಾಕಿ?"

"ಇದೆ. ಏನಾದ್ರೂ ಆದ್ರೆ ಹೇಳ್ತೀನಿ."

"ಕೊಡಿ ಇಲ್ಲಿ" ಎಂದು ಕೈ ಚಾಚಿದಳು.